ಸೋಮವಾರ ರಜೆ ಪಡೆದ ಟಿಲ್ಲರು

ಹೊಸ ಯಂತ್ರ ಬಂದ ಮನೆಯವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಡುಗುಡುಗು ಅಂತ ಸದ್ದು ಮಾಡಿಕೊಂಡು ಬಾಗಿಲಿಗೆ ಬರುತ್ತದೆ. ತೊಂಬತ್ತೈದರಲ್ಲಿ ನಮ್ಮ ಮನೆಗೆ ಪವರ್ ಟಿಲ್ಲರ್, ಅಂದರೆ ಎರಡು ಹಿಡಿ ಹಿಡಿದು ನಡೆಸುವ ಉಳುವ ಯಂತ್ರ, ಬಂತು. ಅರಕೆರೆ ಹತ್ತಿರದ ನಮ್ಮೂರಿಗೆ ಅದು ಎರಡನೆಯದು. ಅಬ್ಬಬ್ಬಾ, ಏನು ಗಾಡಿ ಅಂತೀರಿ! ಕೆಸರು ಗದ್ದೆಗೆ ಇಳಿಯುತ್ತದೆ, ಬದು ಹತ್ತುತ್ತದೆ, ಹಿಂದೆ ಟ್ರೈಲರ್ ಸಿಕ್ಕಿಸಿದರೆ ಶ್ರೀರಂಗಪಟ್ಟಣಕ್ಕೂ ಹೋಗಿ ಬರುತ್ತದೆ.

ಎತ್ತು ಮಾರಿ ಇದನ್ನು ತರಬೇಕು ಅಂತ ಹಟ ಹಿಡಿದವಳು ನಾನು. ಉಳುಮೆ ಬೇಗ ಮುಗಿಯುತ್ತದೆ ಅಂತ ಎಲ್ಲರಿಗೂ ಹೇಳಿದ್ದೆ. ನಿಜವಾದ ಕಾರಣ ಈಗ ಹೇಳುತ್ತೇನೆ. ಕೈಯಲ್ಲಿ ಮೂರು ವರ್ಷದ ಮಗಳನ್ನು ಇಟ್ಟುಕೊಂಡು, ಹಸುವಿನದು ಸಾಲದು ಅಂತ ಆ ಎರಡು ಎತ್ತಿನ ಸಗಣಿಯನ್ನೂ ಬಾಚುತ್ತಿದ್ದವಳು ನಾನು. ಟಿಲ್ಲರ್ ಸಗಣಿ ಹಾಕುವುದಿಲ್ಲ.

ಮಾವ ಒಪ್ಪಿದರು. ಆದರೆ ಎಲ್ಲರೆದುರು ಒಂದು ಮಾತು ಹೇಳಿಯೇ ಒಪ್ಪಿದರು. "ನೋಡವ್ವ, ಒಂದು ವರ್ಸ ನೋಡ್ತೀನಿ. ಸರೋಗ್ನಿಲ್ಲ ಅಂದ್ರೆ ಇದನ್ನ ಮಾರಿ ಮತ್ತೆ ಎತ್ತು ಕಟ್ಟೋದೇಯ. ಆಗ ಮೂತಿ ಊದಿಸ್ಕಂಡು ಕೂತ್ಕಬಾರ್ದು."

ಆ ಒಂದು ವರ್ಷ ಟಿಲ್ಲರ್ ಒಂದು ಸಲ ಕೆಮ್ಮಿದರೆ ನನ್ನ ಎದೆ ಎರಡು ಸಲ ಕೆಮ್ಮುತ್ತಿತ್ತು.

ರಜೆ

ನಮ್ಮ ಕಡೆ ಸೋಮವಾರ ಎತ್ತು ಕಟ್ಟುವುದಿಲ್ಲ. ಬಸವನ ದಿನ, ಅವಕ್ಕೆ ರಜೆ. ಟಿಲ್ಲರ್ ಬಂದ ಮೊದಲನೆಯ ಸೋಮವಾರ ನನ್ನ ಗಂಡ ಅದನ್ನು ಸ್ಟಾರ್ಟ್ ಮಾಡಲು ಹೋದರೆ ಮಾವ ಅಡ್ಡ ನಿಂತರು.

"ಎಲ್ಲಿಗ್ಲಾ?"

"ಗದ್ದೆಗೆ ಕಣಪ್ಪ."

"ಇವತ್ತು ಸ್ವಾಮಾರ."

"ಇದು ಎತ್ತಲ್ಲ ಕಣಪ್ಪ, ಇಂಜಿನ್ನು."

"ಎತ್ತಿನ ಕೆಲ್ಸ ಮಾಡ್ತದೋ ಇಲ್ವೋ?"

"ಮಾಡ್ತದೆ."

"ಎತ್ತಿನ ಜಾಗದಲ್ಲಿ ನಿಂತದೋ ಇಲ್ವೋ?"

"ನಿಂತದೆ."

"ಅಂಗಾದ್ರೆ ಅದಕ್ಕೂ ರಜ."

ಗಂಡ ನನ್ನ ಮುಖ ನೋಡಿದರು. ನನಗೋ ಒಳಗೊಳಗೇ ಖುಷಿ! ಟಿಲ್ಲರ್ ಜೊತೆ ಒಂದು ಪುಸ್ತಕ ಕೊಟ್ಟಿದ್ದರು. ವಾರಕ್ಕೊಂದು ಸಲ ಗಾಳಿ ಸೋಸುವ ಫಿಲ್ಟರ್ ತೊಳೆಯಬೇಕು, ಬೆಲ್ಟು ಸಡಿಲವಾಗಿದೆಯಾ ನೋಡಬೇಕು, ನಟ್ಟು ಬೋಲ್ಟು ಬಿಗಿ ಮಾಡಬೇಕು ಅಂತೆಲ್ಲ ಅದರಲ್ಲಿತ್ತು. ಪುಸ್ತಕ ಇಂಗ್ಲಿಷಿನದು. ನಾನು ಎಸ್ಸೆಸ್ಸೆಲ್ಸಿ ಪಾಸು, ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು. ಆ ಮೂವತ್ತೈದಕ್ಕೆ ಎಷ್ಟು ಅರ್ಥವಾಯಿತೋ ಅಷ್ಟು ಓದಿದೆ, ಉಳಿದದ್ದಕ್ಕೆ ಚಿತ್ರವಿತ್ತು. ಸೋಮವಾರ ಬಂದರೆ ಸೆರಗು ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಕೂರುತ್ತಿದ್ದೆ. ಎಲ್ಲ ಬಿಗಿ ಮಾಡಿದ ಮೇಲೆ ನಾಲೆಯ ಏರಿಯ ಮೇಲೆ ಗಂಡನಿಂದ ಓಡಿಸುವುದನ್ನೂ ಕಲಿತೆ. ಉಳುವುದಕ್ಕೆ ತಾನೇ ರಜೆ, ಕಲಿಯುವುದಕ್ಕಲ್ಲವಲ್ಲ!

ಊರಿನ ಇನ್ನೊಂದು ಟಿಲ್ಲರ್ ವಾರದ ಏಳು ದಿನವೂ ಉತ್ತು, ನಾಟಿ ಕಾಲಕ್ಕೆ ಸರಿಯಾಗಿ ಗದ್ದೆ ನಡುವೆ ನಿಂತುಬಿಟ್ಟಿತು. ಅದರ ಯಜಮಾನ ಬಂದು ಮಾವನ ಹತ್ತಿರ ಗುಟ್ಟು ಕೇಳಿದ.

ಮಾವ ಮೀಸೆ ತಿರುವಿದರು. "ಸ್ವಾಮಾರ ರಜ ಕೊಟ್ನೋಡ್ಲಾ."

ಅವನೂ ಭಕ್ತಿಯಿಂದ ರಜೆ ಕೊಟ್ಟ. ಆದರೆ ಆ ದಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಅವನ ಟಿಲ್ಲರು ಮಂಗಳವಾರವೂ ರಜೆ ಹಾಕಿತು.

ಮನೆಯಲ್ಲಿ ಕಾಯಿಸಿದ್ದು

ಆ ಫಿಲ್ಟರಿನ ಕೆಳಗೆ ಒಂದು ಬಟ್ಟಲು ಇರುತ್ತದೆ. ಅದಕ್ಕೆ ಇಂಜಿನ್ ಆಯಿಲ್ ಹಾಕಬೇಕು, ಗಾಳಿಯ ಧೂಳು ಅದರಲ್ಲಿ ಕೂರುತ್ತದೆ. ಒಂದು ಸೋಮವಾರ ಬಟ್ಟಲನ್ನು ತೊಳೆದು ಒರೆಸಿ ಇಟ್ಟೆ, ನೋಡಿದರೆ ಆಯಿಲ್ ಡಬ್ಬ ಖಾಲಿ. ಪಕ್ಕದ ಬೀದಿಯಲ್ಲಿ ಕೇಳಿ ತರೋಣ ಅಂತ ಹೋದೆ. ಅಷ್ಟರಲ್ಲಿ ಮಗಳ ತಲೆಗೆ ಹಚ್ಚಲು ನಮ್ಮತ್ತೆ ಹರಳೆಣ್ಣೆ ಬಟ್ಟಲು ಹಿಡಿದು ಜಗಲಿಗೆ ಬಂದಿದ್ದಾರೆ. ಒಣಗಿ ನಿಂತ ಆ ಇನ್ನೊಂದು ಬಟ್ಟಲು ಅವರ ಕಣ್ಣಿಗೆ ಬಿದ್ದಿದೆ.

ನಾನು ಆಯಿಲ್ ಸಿಗದೆ ವಾಪಸು ಬಂದಾಗ ಬಟ್ಟಲು ಅದರ ಜಾಗದಲ್ಲಿ ಕೂತಿತ್ತು. ಗಂಡನೇ ಎಲ್ಲಿಂದಲೋ ತಂದು ಹಾಕಿದ್ದಾರೆ ಅಂದುಕೊಂಡೆ. ಗಂಡ ತುಂಬಿದ ಬಟ್ಟಲು ಕಂಡು, ನಾನೇ ಹಾಕಿದ್ದೇನೆ ಅಂದುಕೊಂಡು ಅದನ್ನು ಸಿಕ್ಕಿಸಿದ್ದರು. ಮಾರನೆಯ ದಿನ ಇಂಜಿನ್ ಶುರುವಾಯಿತು ನೋಡಿ, ಬೀದಿಗೆ ಬೀದಿಯೇ ಘಮಘಮ! ಪಕ್ಕದ ಮನೆಯವಳು ಗೋಡೆ ಮೇಲಿಂದ ಇಣುಕಿದಳು.

"ಏನಮ್ಮಿ, ಅಬ್ಬ ಇನ್ನೂ ಎಷ್ಟು ದೂರ ಅದೆ, ಆಗ್ಲೇ ಎಣ್ಣೆ ನೀರಾ?"

ಟಿಲ್ಲರ್ ಬಿಳೀ ಹೊಗೆ ಬಿಟ್ಟು, ಎರಡು ಸಲ ಗುಕ್ ಅಂದು ನಿಂತಿತು. ಮಾವ ಹಲ್ಲುಕಡ್ಡಿ ಆಡಿಸುತ್ತ, "ಎತ್ತಿಗೆ ಅರಳೆಣ್ಣೆ ಕುಡುಸ್ದ್ರೂ ಎದ್ದು ಓಡಾಡ್ತಿತ್ತು ಕಣವ್ವ," ಅಂದರು. ನಾನು ಓಡಿಹೋಗಿ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದೆ.

ಪಾಂಡವಪುರದಿಂದ ಮೆಕ್ಯಾನಿಕ್ ಬಂದ. ಬಟ್ಟಲಿಗೆ ಬೆರಳದ್ದಿ ಮೂಸಿ ನೋಡಿದ. "ಯಾರವ್ವ ಇದಕ್ಕೆ ತಲೆಗೆ ಎಣ್ಣೆ ಒತ್ತಿದ್ದು?"

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ನಾನೇ ಕಣಪ್ಪ. ಪಾಪ, ಒಣಗೋಗಿತ್ತು, ಬಾಯ್ಗಂಟ ಉಯ್ದೆ."

"ಇದಕ್ಕೆ ಇಂಜಿನ್ ಆಯಿಲ್ಲೇ ಹಾಕ್ಬೇಕು ಕಣವ್ವ."

"ಅದು ಅಂಗ್ಡೀದು. ಇದು ಮನೇಲಿ ಕಾಯ್ಸಿರೋದು."

ಮೆಕ್ಯಾನಿಕ್ ಎಲ್ಲ ಬಿಚ್ಚಿ, ತೊಳೆದು, ತಾನು ತಂದಿದ್ದ ಆಯಿಲ್ ಹಾಕಿ ಟಿಲ್ಲರಿಗೆ ಜೀವ ಕೊಟ್ಟ. ಹೊರಡುವಾಗ ತಲೆ ಕೆರೆದುಕೊಂಡು ಮೆಲ್ಲಗೆ ಕೇಳಿದ, "ಅವ್ವ, ನಮ್ಮನೇಲೂ ಚಿಕ್ಕ ಕೂಸದೆ. ಆ ಎಣ್ಣೆ ಒಂದೀಟು ಸಿಕ್ಕಾದಾ?"

ಅತ್ತೆ ಒಂದು ಸೀಸೆ ತುಂಬ ಕೊಟ್ಟರು. ಅವನು ಬೀದಿ ತಿರುವಿನವರೆಗೆ ಹೋದ ಮೇಲೆ ಇಲ್ಲಿಂದ ಕೂಗಿದರು, "ಕೂಸಿಗೆ ಆಕಪ್ಪ, ಗಾಡೀಗೆ ಆಕ್ಬುಟ್ಟೀಯ!"

ಭಾವ ಮೇಲೆ ಹೋದದ್ದು

ಕೆ.ಆರ್. ಪೇಟೆಯಲ್ಲಿ ಒಂದು ಮದುವೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದವರೆಗೆ ಟಿಲ್ಲರಿನಲ್ಲಿ ಹೋಗುವುದು ಅಂತಾಯಿತು. ನನ್ನ ಗಂಡ ಮುಂಚೆಯೇ ಹೋಗಿದ್ದರು, ಅವರ ಅಣ್ಣ, ಅಂದರೆ ನಮ್ಮ ಭಾವ, ಓಡಿಸಲು ಬಂದರು. ನಾನು ಕಂಡಕ್ಟರಿನ ಹಾಗೆ ನಿಂತು ಹೆಂಗಸರಿಗೆ ಹೇಳಿದೆ: ಆರು ಜನಕ್ಕಿಂತ ಹೆಚ್ಚು ಬೇಡ, ಎಲ್ಲರೂ ಸೆರಗು ಸಿಕ್ಕಿಸಿ, ಓಡುವಾಗ ಯಾರೂ ಎದ್ದು ನಿಲ್ಲಬೇಡಿ. ಎಲ್ಲ ಹೇಳಿದೆ, ಮುಖ್ಯವಾದ್ದನ್ನೇ ಮರೆತೆ. ನನ್ನನ್ನೂ ಸೇರಿಸಿ ಬಂದಿದ್ದ ಆರೂ ಜನ ಊರಿನ ವರಸೆಯಲ್ಲಿ ಭಾವನಿಗೆ ತಮ್ಮಂದಿರ ಹೆಂಡಂದಿರು. ಭಾವನ ಹತ್ತಿರ ಕೂರುವುದುಂಟೇ? ಒಬ್ಬೊಬ್ಬರೂ ಮರ್ಯಾದೆಯಿಂದ ಹಿಂದೆ ಹಿಂದೆ ಸರಿದು ಟ್ರೈಲರಿನ ಬಾಲಕ್ಕೆ ಅಂಟಿಕೊಂಡೆವು.

ಟ್ರೈಲರಿಗೆ ಇರುವುದು ಎರಡೇ ಚಕ್ರ, ಓಡಿಸುವವರ ಸೀಟು ಅದರ ಮೂತಿಯ ಮೇಲೆ. ಸಪಾಟು ದಾರಿಯಲ್ಲಿ ಹೇಗೋ ಬಂದೆವು. ನಾಲೆ ಸೇತುವೆಯ ಏರು ಬಂತು ನೋಡಿ, ನಾವು ಮೆಲ್ಲಗೆ ಕೆಳಕ್ಕೆ, ಭಾವ ಮೆಲ್ಲಗೆ ಮೇಲಕ್ಕೆ! ಕಾಲೆರಡೂ ಗಾಳಿಯಲ್ಲಿ ಅಲ್ಲಾಡುತ್ತಿವೆ. ಪುಣ್ಯಕ್ಕೆ ಗಾಡಿ ನಿಲ್ಲಿಸಿದರು. ತಮ್ಮನ ಹೆಂಡಂದಿರ ಜೊತೆ ನೇರ ಮಾತಾಡುವಂತಿಲ್ಲ, ನಾಲೆ ನೀರಿಗೆ ಹೇಳಿದರು, "ಯಾರಾದ್ರೂ ಒಸಿ ಮುಂದಕ್ಕೆ ಬಂದ್ರೆ ಚೆನ್ನಾಗಿತ್ತು."

"ಭಾವ್ನೋರ ಪಕ್ಕಕ್ಕಾ? ಶಿವಶಿವಾ!" ಅಂತ ಎಲ್ಲರೂ ಇನ್ನಷ್ಟು ಹಿಂದೆ ಸರಿದರು. ಭಾವ ಇನ್ನೊಂದು ಗೇಣು ಮೇಲೆ ಹೋದರು.

ನನಗೆ ತಡೆಯಲಿಲ್ಲ. "ಮರ್ಯಾದೆ ಆಮೇಲೆ ಇಟ್ಕಳ್ರಮ್ಮಿ, ಅವ್ರು ಆಕಾಸಕ್ಕೆ ಓಯ್ತಾವ್ರೆ!" ಅಂದವಳೇ ತಲೆ ತುಂಬ ಸೆರಗು ಹೊದ್ದು, ಮುಂದಕ್ಕೆ ನುಗ್ಗಿ, ಅವರಿಗೆ ಬೆನ್ನು ಹಾಕಿ ಕುಕ್ಕರಿಸಿದೆ. ಮೂತಿ ದಡಾರಂತ ಇಳಿಯಿತು.

ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ನಾಲೆ ನೀರಿಗೇ ಹೇಳಿದರು, "ಇಷ್ಟು ತೂಕ ಅದೆ ಅಂತ ನನ್ ತಮ್ಮ ಒಂದಿನಾನೂ ಯೋಳಿರ್ನಿಲ್ಲ."

ಇಳಿಜಾರು

ವರ್ಷ ತುಂಬಿತು. ಹರಳೆಣ್ಣೆ, ಸೇತುವೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡು ಮಾವ ಎತ್ತೇ ವಾಸಿ ಅಂದುಬಿಟ್ಟರು. ನಾಗಮಂಗಲದ ಕಡೆಯ ತೆಂಗಿನ ತೋಟದವರೊಬ್ಬರು ಟಿಲ್ಲರಿಗೆ ಬದಲು ಜೋಡಿ ಎತ್ತು ಕೊಡುತ್ತಾರಂತೆ. ಒಂದು ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು ಬಂದೇಬಿಟ್ಟರು. ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಅಂಗಳಕ್ಕೆ ಓಡಿದೆ.

"ಒಸಿ ಓಡ್ಸಿ ತೋರ್ಸಿ ಗೌಡ್ರೆ," ಅಂದರು ಬಂದವರು.

ಗಂಡ ಪಾಂಡವಪುರಕ್ಕೆ ಹೋಗಿದ್ದರು. ಮಾವ ಟಿಲ್ಲರನ್ನು ಓಡಿಸಿದ್ದು ಸಪಾಟು ಗದ್ದೆಯಲ್ಲಿ ಮಾತ್ರ. ಹಾಗಂತ ಒಪ್ಪಿಕೊಳ್ಳುತ್ತಾರೆಯೇ? ಪಂಚೆ ಎತ್ತಿಕಟ್ಟಿ ಟ್ರೈಲರಿನ ಸೀಟಿನಲ್ಲಿ ಕೂತರು, ಬಂದವರನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಇಲ್ಲಿ ಒಂದು ವಿಷಯ ಹೇಳಬೇಕು. ಟಿಲ್ಲರಿನ ಎರಡು ಹಿಡಿಗಳ ಕೆಳಗೂ ಒಂದೊಂದು ಕ್ಲಚ್ಚು. ಸಪಾಟು ನೆಲದಲ್ಲಿ ಎಡದ್ದು ಅದುಮಿದರೆ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಉಲ್ಟಾ. ಎಡದ್ದು ಅದುಮಿದರೆ ಎಡಗಡೆಯ ಚಕ್ರ ಇಂಜಿನ್ನಿನ ಹಿಡಿತ ತಪ್ಪಿ ಮುಂದಕ್ಕೆ ಉರುಳಿಬಿಡುತ್ತದೆ, ಗಾಡಿ ಬಲಕ್ಕೆ ಹೋಗುತ್ತದೆ. ಇದನ್ನು ಪುಸ್ತಕ ನೋಡಿ ಮನೆಯವರಿಗೆಲ್ಲ ಹೇಳಿದ್ದೆ. ಮಾವ ಆಗ ನಕ್ಕಿದ್ದರು. "ಎಡಕ್ಕೆಳುದ್ರೆ ಬಲಕ್ಕೋಗೋ ಎತ್ತ ನಾನು ಕಂಡೇ ಇಲ್ಲ ಕಣವ್ವ."

ನಾಲೆ ಏರಿ ಮೇಲಕ್ಕೆ ಚೆನ್ನಾಗಿಯೇ ಹತ್ತಿದರು. ಇಳಿಯುವಾಗ ಎಡಕ್ಕೆ ನಮ್ಮ ಅಂಗಳ, ಬಲಕ್ಕೆ ಊರವರ ತಿಪ್ಪೆ. ನಾನು ಕೆಳಗಿಂದ ಓಡೋಡಿ ಕೂಗಿದೆ, "ಮಾವ, ಬಲದ್ದು ಅದುಮಿ! ಬಲದ್ದು!"

"ನೀ ಸುಮ್ಕಿರವ್ವ!" ಅಂದವರು ಎಡದ್ದು ಅದುಮಿದರು. ಗಾಡಿ ಬಲಕ್ಕೆ ವಾಲಿತು. ಇನ್ನೂ ಬಿಗಿಯಾಗಿ ಎಡದ್ದೇ ಅದುಮಿದರು. ಇನ್ನೂ ಬಲಕ್ಕೆ!

"ಲೇ! ಎಡಕ್ಕೋಗ್ಲಾ! ಹೋಯ್! ಹೋಯ್!" ಅಂತ ನಾಲಿಗೆಯಲ್ಲಿ ಲೊಚಗುಟ್ಟಿ, ಹೆಗಲ ಟವೆಲಿನಿಂದ ಇಂಜಿನ್ನಿಗೆ ಪಟಪಟ ಬಾರಿಸಿದರು. ಟಿಲ್ಲರ್ ಯಾರ ಮಾತೂ ಕೇಳದೆ ನೇರವಾಗಿ ತಿಪ್ಪೆಗೆ ನುಗ್ಗಿ, ಅರ್ಧ ಮುಳುಗಿ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಬಿಳೀ ಅಂಗಿ ಮಾತ್ರ ಬಿಳೀ ಅಂಗಿಯಾಗಿ ಉಳಿಯಲಿಲ್ಲ.

ನನಗೆ ಎಲ್ಲಿಂದ ಧೈರ್ಯ ಬಂತೋ! ಅವರಿಬ್ಬರನ್ನೂ ಇಳಿಸಿ, ಗಾಡಿಯನ್ನು ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ತೆಗೆದು, ಏರಿ ಹತ್ತಿಸಿ, ಸಣ್ಣ ಗೇರಿನಲ್ಲಿ ಅದೇ ಇಳಿಜಾರು ಇಳಿದು, ಬಲದ್ದು ಅದುಮಿ ಎಡಕ್ಕೆ ತಿರುಗಿಸಿ ಅಂಗಳದಲ್ಲಿ ತಂದು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಹೊಳೆಯಿತು, ನಾನೇ ಕೈಯಾರೆ ವ್ಯಾಪಾರ ಕುದುರಿಸಿದೆನಲ್ಲ ಅಂತ.

ಬಂದವರ ಮುಖ ಅರಳಿತ್ತು. "ಗಾಡಿ ಬಂಗಾರದಂಗದೆ! ಯೆಣ್ಮಗಳೇ ಇಂಗೆ ಓಡಿಸ್ತದೆ ಅಂದ್ರೆ ಇನ್ನೇನು, ನಾನು ತಗತೀನಿ. ನೀವು ಕೊಡೋದೇ ಸರಿ ಬುಡಿ ಗೌಡ್ರೆ, ವಯಸ್ಸಾಯ್ತು, ನಿಮ್ಗೆ ಬಗ್ಗಲ್ಲ ಇದು."

ಮಾವ ಮೀಸೆಗೆ ಮೆತ್ತಿದ್ದ ಗೊಬ್ಬರ ಒರೆಸುತ್ತಿದ್ದವರು ಹಾಗೇ ನಿಂತರು. "ಯಾರಿಗಯ್ಯ ವಯಸ್ಸಾಗಿರೋದು? ಈ ಇಳಿಜಾರಲ್ಲಿ ಇದನ್ನ ನಾನು ಎಡಕ್ಕೆ ತಿರುಗ್ಸೋದು ಕಲಿಯೋಗಂಟ ಮಾರಲ್ಲ! ಓಗು, ನಿನ್ ಎತ್ತು ನೀನೇ ಮಡಿಕ್ಕೋ!" ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಾಳಿಂದ ನೀನೇ ಯೋಳ್ಕೊಡವ್ವ."

ಎರಡು ವರ್ಷವಾಯಿತು. ಮಾವ ಬಿಡುವಾದಾಗಲೆಲ್ಲ ತಪ್ಪದೆ ಪಾಠಕ್ಕೆ ಬರುತ್ತಾರೆ, ನಾನೂ ಬೇಸರವಿಲ್ಲದೆ ಹೇಳಿಕೊಡುತ್ತೇನೆ. ಸಪಾಟು ಗದ್ದೆಯಲ್ಲಿ.