ಬೆಟ್ಟದ ತುದಿಯ ಕುರ್ಚಿ

ಎಲ್ಲಕ್ಕೂ ಕಾರಣ ಒಂದು ಪ್ಲಗ್ ಪಾಯಿಂಟ್.

ಪೀಣ್ಯದ ಒಂದು ಸ್ಕ್ರೂ ಕಾರ್ಖಾನೆಯಲ್ಲಿ ಪಂಚಾಕ್ಷರಿ ಸೂಪರ್‌ವೈಸರ್. ಶೆಡ್ಡಿನೊಳಗೆ ಯಾರೂ ಜೇಬಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ಕಾನೂನು. ಚಾರ್ಜಿಗೆ ಹಾಕೋಣವೆಂದರೆ ಖಾಲಿಯಿದ್ದದ್ದು ಒಂದೇ ಪ್ಲಗ್ಗು, ಅದೂ ವೈಬ್ರೇಟರ್ ಯಂತ್ರದ ಪಕ್ಕದಲ್ಲಿ. ದೊಡ್ಡ ಬೋಗುಣಿಯಂಥ ಆ ಯಂತ್ರಕ್ಕೆ ಸ್ಕ್ರೂಗಳನ್ನು ಸುರಿದರೆ ಅದು ಬೆಳಗಿನಿಂದ ಸಂಜೆಯವರೆಗೆ ಗಡಗಡ ನಡುಗುತ್ತಾ ಅವನ್ನು ಒಂದೊಂದಾಗಿ ಸಾಲಿಗೆ ತಂದು ನಿಲ್ಲಿಸುತ್ತದೆ. ಚಾರ್ಜರಿನ ವಯರು ಗಿಡ್ಡ. ಹಾಗಾಗಿ ಪಂಚಾಕ್ಷರಿ ತನ್ನ ಫೋನನ್ನು ಯಂತ್ರದ ಅಂಚಿನ ಮೇಲೆಯೇ ಮಲಗಿಸುತ್ತಿದ್ದ.

ಮಾಲೀಕ ವೆಂಕಟರಮಣಪ್ಪನವರ ಹೃದಯಕ್ಕೆ ಸ್ಟೆಂಟ್ ಬೀಳುವ ತನಕ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಡಾಕ್ಟರು ಅವರಿಗೆ ದಿನಾ ನಡೆಯಬೇಕು ಅಂದರು. ಒಬ್ಬರೇ ನಡೆಯಲು ಬೇಜಾರಾಗಿ ಅವರು ಇಡೀ ಕಾರ್ಖಾನೆಗೇ ನಡೆಯಲು ಹೇಳಿದರು. ಎಚ್‌ಆರ್ ವಿಭಾಗದ ದಿವ್ಯಾ ಎಲ್ಲರ ಫೋನಿಗೂ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟಳು. ಯಾರು ಎಷ್ಟು ನಡೆದರೆಂಬುದು ಕ್ಯಾಂಟೀನಿನ ಟೀವಿಯಲ್ಲಿ ಬರತೊಡಗಿತು. ಮೊದಲ ವಾರ ಪಂಚಾಕ್ಷರಿಯೇ ಮೊದಲಿಗ. ಎರಡನೇ ವಾರ ಅವನಿಗೂ ಎರಡನೆಯವನಿಗೂ ನಡುವೆ ಪೀಣ್ಯದಿಂದ ತುಮಕೂರಿಗೆ ಹೋಗಿ ಬರುವಷ್ಟು ಅಂತರ.

ಹೀಗೇಕೆಂದು ಪಂಚಾಕ್ಷರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೇಳಿಬಿಡೋಣವೆಂದು ಮಾಲೀಕರ ಕೋಣೆಗೆ ಹೋದ. "ಬನ್ನಿ ಬನ್ನಿ, ನಡಿಗೆ ವೀರರೇ!" ಎಂದು ಅವರು ಎದ್ದು ಬಂದು ಬೆನ್ನು ತಟ್ಟಿದರು. ಇಷ್ಟು ವರ್ಷಗಳ ನೌಕರಿಯಲ್ಲಿ ಆ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಅವನು ಅವರು ಕೊಟ್ಟ ಟೀ ಕುಡಿದು ಸುಮ್ಮನೆ ವಾಪಸು ಬಂದ.

ಜೊತೆಗೆ ಕುರ್ಚಿಯ ವಿಷಯವೂ ಇತ್ತು. ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಅವರ ಕ್ಯಾಬಿನ್ನಿನಲ್ಲಿ ಎಸಿ ಇತ್ತು, ಕಿಟಕಿ ಇತ್ತು, ತಿರುಗುವ ಮೆತ್ತನೆಯ ಕುರ್ಚಿ ಇತ್ತು. ಸಿಮೆಂಟು ನೆಲದ ಮೇಲೆ ನಿಂತೂ ನಿಂತೂ ಸಂಜೆಯ ಹೊತ್ತಿಗೆ ಕಾಲು ಬಾತುಕೊಂಡು ಮನೆಗೆ ಬರುತ್ತಿದ್ದ ಪಂಚಾಕ್ಷರಿಗೆ ಬದುಕಿನಲ್ಲಿ ಬೇರೇನೂ ಬೇಕಿರಲಿಲ್ಲ, ಆ ಕುರ್ಚಿಯೊಂದು ಸಿಕ್ಕರೆ ಸಾಕಿತ್ತು. ಅದರ ಮೇಲೆ ಕಣ್ಣಿಟ್ಟ ಇನ್ನೊಬ್ಬನೆಂದರೆ ಪಕ್ಕದ ಲೈನಿನ ಸೂಪರ್‌ವೈಸರ್ ರುದ್ರೇಶ್.

ವೆಂಕಟರಮಣಪ್ಪ ಕ್ಯಾಂಟೀನಿನಲ್ಲಿ ನಿಂತು ಘೋಷಿಸಿದರು: "ಭಾನುವಾರ ಎಲ್ಲಾರೂ ಉಲಿಗುಂಡಿನ ಬೆಟ್ಟ ಅತ್ತಾನ. ಮುಂದಾಳು ನಮ್ ಪಂಚಾಕ್ಷರಿ. ಡಿಸ್ಪ್ಯಾಚ್ ಕುರ್ಚಿ ಯಾರ್ಗೆ ಅನ್ನೋದ್ನ ತುದೀಲೇ ಏಳ್ತೀನಿ."

ವೆಂಕಟರಮಣಪ್ಪ ಒಳ್ಳೆಯ ಮನುಷ್ಯರೇ. ಅವರದು ಒಂದೇ ಒಂದು ಗುಣ, ಯಾರಾದರೂ ಒಂದು ಕೆಲಸ ಚೆನ್ನಾಗಿ ಮಾಡಿದರೆ ಅದನ್ನು ಅವರಿಂದಲೇ ಕೊನೆಯ ತನಕ ಮಾಡಿಸುವುದು. ಯಾವಾಗಲೋ ಒಮ್ಮೆ ನಲ್ಲಿ ಸರಿಮಾಡಿದ ವಾಚ್‌ಮನ್ನನ್ನು ಇವತ್ತಿಗೂ ನಲ್ಲಿಗಳೇ ಹುಡುಕಿಕೊಂಡು ಬರುತ್ತವೆ. ಮಾಲೀಕರ ಮಗಳ ಮದುವೆಯಲ್ಲಿ ಚುರುಕಾಗಿ ಬಡಿಸಿದ ಅಕೌಂಟೆಂಟು ಪ್ರತಿ ಆಯುಧಪೂಜೆಗೂ ಸಾಂಬಾರಿನ ಬಕೆಟ್ ಹಿಡಿಯುತ್ತಾನೆ. ಇದು ಪಂಚಾಕ್ಷರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕುರ್ಚಿಯ ಆಸೆಯಲ್ಲಿದ್ದವನಿಗೆ ಅದೆಲ್ಲ ನೆನಪಾಗಲಿಲ್ಲ.

ಭಾನುವಾರ ಕೋಳಿ ಕೂಗುವ ಮುಂಚೆಯೇ ಬಾಗಲಗುಂಟೆಯ ಅಪಾರ್ಟ್‌ಮೆಂಟಿನಲ್ಲಿ ಪಂಚಾಕ್ಷರಿ ಮಗನ ಶೂ ಹಾಕಿಕೊಳ್ಳುತ್ತಿದ್ದ. ಒಂದು ಅಳತೆ ದೊಡ್ಡದಾದ್ದರಿಂದ ಮುಂದೆ ಬಟ್ಟೆ ತುರುಕಿದ್ದ. ಹೆಂಡತಿ ಶೈಲಜಾ ಬಾಗಿಲಿಗೊರಗಿ ನೋಡುತ್ತಿದ್ದಳು.

"ಅಲ್ರೀ, ಮೊದಲ್ನೇ ಮಹಡಿಗೆ ಬರಾಕೂ ಲಿಫ್ಟ್ ಕಾಯೋರು ನೀವು. ಬೆಟ್ಟ ಹತ್ತಾಕ ಹೊಂಟೀರೇನು?"

"ಒಂದಿನ ಹತ್ತಿದ್ರೆ ಆಯ್ತು ಕಣೇ, ಆಮೇಲೆ ಜೀವನಪೂರ್ತಿ ಕೂರಬಹುದು."

"ಖರೇ ಹೇಳಿಬಿಡ್ರಿ ಅವರಿಗೆ. ಮಷೀನು ನಡೀತು, ನಾ ನಡೀಲಿಲ್ಲ ಅಂತ."

"ಕುರ್ಚಿ ಸಿಗಲಿ, ಆಮೇಲೆ ಹೇಳ್ತೀನಿ."

ಲಿಫ್ಟಿನ ಹತ್ತಿರ ಎದುರುಮನೆಯ ಚನ್ನವೀರಪ್ಪ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದರು. ಅಷ್ಟು ಹೊತ್ತಿಗೆ ಅವರಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಶೈಲಜಾ ಹಿಂದಿನ ದಿನ ಸುದ್ದಿ ಹೇಳಿದ್ದಳು, ಸಲಹೆ ಕೊಡದೆ ಅವರಿಗೆ ನಿದ್ದೆ ಬಂದಿರಲಿಲ್ಲ, ಅಷ್ಟೆ.

"ಬೆಟ್ಟ ಹತ್ತಾಕ ಹೊಂಟೀರಂತೆ! ಭಾಳ ಚಲೋ. ನಮ್ಮ ಷಡ್ಡಕರೂ ನಿಮ್ಮ ವಯಸ್ಸಿನ್ಯಾಗ ಹಿಂಗೇ ಒಂದು ಬೆಟ್ಟ ಹತ್ತಿದ್ರು."

"ಹೌದಾ? ಏನಾಯ್ತು?"

ಚನ್ನವೀರಪ್ಪ ನಿಟ್ಟುಸಿರು ಬಿಟ್ಟರು. "ಹೋಗ್ಲಿ ಬಿಡ್ರಿ, ಮುಂಜಾನೆ ಮುಂಜಾನೆ ಆ ಮಾತು ಯಾಕ." ಹಾಗೆಂದು ಒಂದು ಸೀಸೆ ನೋವಿನ ಎಣ್ಣೆಯನ್ನು ಪಂಚಾಕ್ಷರಿಯ ಕೈಯಲ್ಲಿಟ್ಟು ಒಳಗೆ ಹೋದರು.

ಕಾರ್ಖಾನೆಯ ಬಸ್ಸಿನಲ್ಲಿ ಮುಂದಿನ ಸೀಟನ್ನು ಮುಂದಾಳುವಿಗೆಂದೇ ಬಿಟ್ಟಿದ್ದರು. ಕೂತ ಕೂಡಲೇ ದಿವ್ಯಾ ಮೊಬೈಲು ಹಿಡಿದು ವಿಡಿಯೋ ಶುರುಮಾಡಿದಳು.

"ಸರ್, ಡೈಲಿ ಯಾವ ರೂಟಲ್ಲಿ ವಾಕ್ ಮಾಡ್ತೀರ?"

ಪಂಚಾಕ್ಷರಿಗೆ ಗೊತ್ತಿದ್ದ ನಡಿಗೆಯ ದಾರಿ ಎಂದರೆ ಮನೆಯಿಂದ ಹಾಲಿನ ಬೂತಿನವರೆಗೆ. ಮಾಲೀಕರು ತಿರುಗಿ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದ: "ಹೀಗೇ... ಚಿಕ್ಕಬಾಣಾವರದ ಕಡೆ ಹೋಗಿ ಬರ್ತೀನಮ್ಮ."

"ಡ್ಯೂಟಿಗೆ ಮುಂಚೇನಾ? ವಾವ್!"

"ಚಿಕ್ಕಬಾಣಾವರದ ರೈಲ್ವೆ ಗೇಟ್‌ತಂಕ ನಾವು ಎಮ್ಮೆ ಒಡ್ಕೊಂಡು ಓಗ್ತಿದ್ವಿ," ಎಂದು ವೆಂಕಟರಮಣಪ್ಪ ಕಣ್ಣರಳಿಸಿದರು. "ಎಮ್ಮೆಗೇ ಸುಸ್ತಾಗೋದು. ಬೇಸ್ ಕಣ್ರೀ ನೀವು!"

ಹಿಂದಿನ ಸೀಟಿನಲ್ಲಿ ರುದ್ರೇಶ್ ಮೆಲ್ಲಗೆ ನಗುತ್ತಾ ಕಿಟಕಿಯಾಚೆ ನೋಡುತ್ತಿದ್ದ.

ಮಾಗಡಿ ರಸ್ತೆಯಿಂದ ಒಳಗೆ ತಿರುಗಿ ಬೆಟ್ಟದ ಬುಡಕ್ಕೆ ಬಂದಾಗ ಪೂರ್ವದಲ್ಲಿ ಆಗತಾನೇ ಬಿಳುಪು ಮೂಡುತ್ತಿತ್ತು. ಹುಲಿಗುಂಡಿನ ಬೆಟ್ಟದಲ್ಲಿ ಮೆಟ್ಟಿಲಿಲ್ಲ, ಮರವಿಲ್ಲ. ಬುಡದಿಂದ ತುದಿಯವರೆಗೆ ಒಂದೇ ಕಲ್ಲು. ದಾರಿ ತೋರಿಸಲು ಯಾರೋ ಬಂಡೆಯ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಆ ಬಾಣಗಳೆಲ್ಲ ನೆಟ್ಟಗೆ ಆಕಾಶವನ್ನೇ ತೋರಿಸುತ್ತಿದ್ದವು. ಪಂಚಾಕ್ಷರಿಗೆ ಚನ್ನವೀರಪ್ಪನವರ ಷಡ್ಡಕರ ನೆನಪಾಯಿತು.

ಬುಡದಲ್ಲಿ ಒಂದು ತಟ್ಟೆ ಇಡ್ಲಿ ಅಂಗಡಿ, ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ರುದ್ರೇಶ್ ನೇರವಾಗಿ ಹೋಗಿ ಅದರಲ್ಲಿ ಕೂತ. "ಸಾರ್, ನನ್ ಕೈಲಾಗಲ್ಲ. ಮಂಡಿ ನೋವು. ನೀವೆಲ್ಲ ಹೋಗ್ಬನ್ನಿ, ನಾನು ಚೀಲ ನೋಡ್ಕೊಂಡಿರ್ತೀನಿ."

ವೆಂಕಟರಮಣಪ್ಪ ಅಯ್ಯೋ ಎಂದು ಮರುಗಿದರು. ಪಂಚಾಕ್ಷರಿ ಒಳಗೊಳಗೇ ಕುಣಿದುಬಿಟ್ಟ. ಬುಡದಲ್ಲೇ ಕೂತವನಿಗೆ ಯಾರಾದರೂ ಕುರ್ಚಿ ಕೊಡುತ್ತಾರೆಯೇ? ಆ ಹುರುಪಿನಲ್ಲಿ ಅವನು ಮೊದಲ ಬಾಣವನ್ನು ದಾಟಿಯೇಬಿಟ್ಟ.

ಎರಡನೇ ಬಾಣದ ಹೊತ್ತಿಗೆ ಉಸಿರು ಕಟ್ಟಿತು. ಮುಂದಾಳುವಿನ ಕಷ್ಟವೇ ಬೇರೆ, ಅವನು ನಿಂತರೆ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಪಂಚಾಕ್ಷರಿ ಸಾಕಷ್ಟು ಮುಂದೆ ಹೋಗಿ ಶೂ ಲೇಸ್ ಕಟ್ಟಿದ. ಇನ್ನೊಂದು ಚೂರು ಮೇಲೇರಿ, ಅದನ್ನೇ ಬಿಚ್ಚಿ ಮತ್ತೆ ಕಟ್ಟಿದ. ಕುಂಕುಮ ಬಳಿದ ಕಲ್ಲೊಂದು ಕಂಡಾಗ ಅದಕ್ಕೆ ಕೈಮುಗಿದು ಕಣ್ಣುಮುಚ್ಚಿ ನಿಂತವನು ತೆರೆಯಲೇ ಇಲ್ಲ. ಹಿಂದಿದ್ದವರೂ ಕೈಮುಗಿದು ನಿಂತರು.

"ಸರ್ ಸ್ವಲ್ಪ ಸ್ವಲ್ಪಕ್ಕೂ ಬ್ರೇಕ್ ಕೊಡ್ತಿದಾರೆ ನೋಡಿ, ಪ್ರೊಫೆಷನಲ್ಸ್ ಹೀಗೇ ಮಾಡೋದು," ಎಂದು ದಿವ್ಯಾ ವಿಡಿಯೋಗೆ ವಿವರಿಸಿದಳು.

ಕಲ್ಲು ಇನ್ನಷ್ಟು ಕಡಿದಾಯಿತು. ಬೇರೆ ದಾರಿ ಕಾಣದೆ ಪಂಚಾಕ್ಷರಿ ಎರಡೂ ಕೈಗಳನ್ನು ಬಂಡೆಯ ಮೇಲೂರಿ ಅಂಬೆಗಾಲಿಡತೊಡಗಿದ. ನಾಚಿಕೆಯಾಗಿ ಹಿಂತಿರುಗಿ ನೋಡುತ್ತಾನೆ, ವೆಂಕಟರಮಣಪ್ಪನವರೂ ಅಂಬೆಗಾಲು. ಅವರ ಹಿಂದೆ ದಿವ್ಯಾ, ಅವಳ ಹಿಂದೆ ಅಕೌಂಟೆಂಟು, ವಾಚ್‌ಮನ್, ಇಡೀ ಕಾರ್ಖಾನೆ. ಯಾವುದೋ ಕಾಲೇಜಿನ ಹುಡುಗಿಯರು ಪಕ್ಕದಲ್ಲೇ ಕಡಲೆಕಾಯಿ ತಿನ್ನುತ್ತಾ ನೆಟ್ಟಗೆ ನಡೆದುಹೋದರು.

"ಇಂಗತ್ತಿದ್ರೆ ಎಷ್ಟು ಸಲೀಸಾಗೈತೆ!" ಎಂದರು ವೆಂಕಟರಮಣಪ್ಪ ಏದುಸಿರಿನಲ್ಲಿ. "ಗೊತ್ತಿದ್ದೋರ ಇಂದೆ ಬರ್ಬೇಕು ಅನ್ನೋದು ಇದಕ್ಕೇ."

ಆಗಲೇ ಪಂಚಾಕ್ಷರಿಯ ಕಾಲು ಇಬ್ಬನಿಗೆ ನೆನೆದ ಪಾಚಿಯ ಮೇಲೆ ಬಿತ್ತು. ಶೂ ಒಂದು ಕಡೆ ಹೋಯಿತು, ಒಳಗಿದ್ದ ಪಾದ ಇನ್ನೊಂದು ಕಡೆ. ಅವನು ಕೂತ ಭಂಗಿಯಲ್ಲೇ ಬಂಡೆಯ ಮೇಲೆ ಜಾರತೊಡಗಿದ. ಮಾಲೀಕರನ್ನು ದಾಟಿದ, ದಿವ್ಯಾಳನ್ನು ದಾಟಿದ, ಅಕೌಂಟೆಂಟು "ನಮಸ್ಕಾರ ಸಾರ್" ಅನ್ನುವಷ್ಟರಲ್ಲಿ ಅವನನ್ನೂ ದಾಟಿದ. ಕೊನೆಗೆ ಎಲ್ಲರ ಹಿಂದೆ, ಬೆನ್ನಿಗೆ ಕಾರ್ಖಾನೆಯ ಬ್ಯಾನರು ಕಟ್ಟಿಕೊಂಡು ತೆವಳುತ್ತಿದ್ದ ವಾಚ್‌ಮನ್ನನ ಪಕ್ಕ ಒಂದು ತಂಗಡಿ ಗಿಡ ಅವನನ್ನು ಹಿಡಿದು ನಿಲ್ಲಿಸಿತು. ಪ್ಯಾಂಟಿನ ಹಿಂಭಾಗ ಬಂಡೆಯ ಮೇಲೆಯೇ ಉಳಿಯಿತು.

ಸತ್ತೆನೆಂದೇ ತಿಳಿದಿದ್ದ ಪಂಚಾಕ್ಷರಿಗೆ ನಿಜಕ್ಕೂ ಅಳು ಬಂತು. ಇಲ್ಲಿಂದಲೇ ಇಳಿದುಬಿಡಲೇ ಎಂದು ಕೆಳಗೆ ನೋಡಿದ. ಇಡ್ಲಿ ಅಂಗಡಿಯ ಮುಂದೆ ರುದ್ರೇಶ್ ಕುರ್ಚಿಯಲ್ಲಿ ಆರಾಮಾಗಿ ಕಾಲು ಚಾಚಿ ಕೂತಿದ್ದ. ಆ ಕುರ್ಚಿಯನ್ನು ನೋಡಿದ್ದೇ ತಡ, ಎಸಿ ಕ್ಯಾಬಿನ್ನು ಕಣ್ಣಮುಂದೆ ಬಂತು.

ಅಷ್ಟರಲ್ಲಿ ಮೇಲಿನಿಂದ ದಿವ್ಯಾಳ ದನಿ ಕೇಳಿಸಿತು: "ಸರ್, ನೋಡಿದ್ರಾ? ಲಾಸ್ಟಲ್ಲಿರೋರು ಸೇಫಾಗಿದಾರಾ ಅಂತ ನೋಡೋಕೆ ವಾಪಸ್ ಹೋದ್ರು!"

"ಮುಂದಾಳು ಅಂದ್ರೆ ಇಂಗಿರ್ಬೇಕು," ಎಂದು ಮಾಲೀಕರು ಎಲ್ಲರಿಗೂ ಕೇಳುವಂತೆ ಹೇಳಿದರು.

ಪಂಚಾಕ್ಷರಿ ವಾಚ್‌ಮನ್ನನ ಬೆನ್ನ ಮೇಲಿದ್ದ ಬಟ್ಟೆಯ ಬ್ಯಾನರನ್ನು ಇಸಿದುಕೊಂಡು ಸೊಂಟಕ್ಕೆ ಪಂಚೆಯಂತೆ ಸುತ್ತಿಕೊಂಡ. ಅದರ ಮೇಲೆ 'ನಡೆಯಿರಿ, ನಲಿಯಿರಿ' ಎಂದು ಬರೆದಿತ್ತು. ಹತ್ತಿದ ಬಂಡೆಯನ್ನೇ ಮತ್ತೆ ಹತ್ತತೊಡಗಿದ.

ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಆದರೆ ಹತ್ತಿದ್ದು ಹೌದು. ತುದಿಯಲ್ಲಿ ಗಾಳಿ ತಣ್ಣಗೆ ಬೀಸುತ್ತಿತ್ತು. ಮಂಜಿನ ನಡುವೆ ಕೆರೆಯೊಂದು ಹೊಳೆಯುತ್ತಿತ್ತು, ದೂರದಲ್ಲಿ ಬೆಂಗಳೂರು ಮಸುಕಾಗಿ ಬಿದ್ದುಕೊಂಡಿತ್ತು. ಯಂತ್ರದ ಸಹಾಯವಿಲ್ಲದೆ ತನ್ನ ಸ್ವಂತ ಕಾಲುಗಳಿಂದ ಇಲ್ಲಿಗೆ ಬಂದೆನಲ್ಲ ಎಂದು ಪಂಚಾಕ್ಷರಿಗೆ ತುಂಬ ಸಂತೋಷವಾಯಿತು. ಒಂದು ಗಳಿಗೆ ಅವನು ಕುರ್ಚಿಯನ್ನೂ ಮರೆತಿದ್ದ.

ವೆಂಕಟರಮಣಪ್ಪ ನೀರು ಕುಡಿದು ಗಂಟಲು ಸರಿಮಾಡಿಕೊಂಡರು. "ನೋಡ್ರಪ್ಪಾ, ಡಿಸ್ಪ್ಯಾಚ್ ಕುರ್ಚೀನ ಪಂಚಾಕ್ಷರಿಗೇ ಕೊಡಾನ ಅಂತಿದ್ದೆ. ಸೀನಿಯರ್ರು, ನಂಬಿಕಸ್ತರು."

ಪಂಚಾಕ್ಷರಿ ಸೊಂಟದ ಬ್ಯಾನರು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಆದ್ರೆ ಇವತ್ತು ಈ ಬೆಟ್ಟದ ಮ್ಯಾಲೆ ನನ್ ಕಣ್ ತೆರೀತು. ಇಂಥಾ ಕಾಲ್ಗಳ್ನ ಎಸಿ ರೂಮ್ನಾಗೆ ಕೂರ್ಸಿ ಕೊಳೆಸೋದಾ? ಪಾಪ ಬರ್ತದೆ ನಂಗೆ! ಕುರ್ಚಿ ರುದ್ರೇಶಂಗೆ ಇರ್ಲಿ, ಪಾಪ ಮಂಡಿ ನೋವು. ಚಿಕ್ಕಬಾಣಾವರದ ತಾವ ಒಸಾ ಶೆಡ್ ತಗೊಂಡಿದೀವಲ್ಲ, ಅದುನ್ನೂ ಇದುನ್ನೂ ನೋಡ್ಕೊಳೋ ಕೆಲ್ಸ ಪಂಚಾಕ್ಷರೀದು. ಆ ಟ್ರಾಫಿಕ್ನಾಗೆ ಗಾಡಿ ಓಗಲ್ಲ. ಎಂಗಿದ್ರೂ ದಿನಾ ನಡ್ಕೊಂಡು ಅಲ್ಲಿಗೇ ಓಗ್ತೀರಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಚಾಕ್ಷರಿಗೆ ಬೆಟ್ಟವೇ ಕೆಳಗೆ ಜಾರಿದಂತಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಸಾರ್, ತಪ್ಪಾಗಿದೆ. ನಾನು ನಡೆದೇ ಇಲ್ಲ ಸಾರ್. ಫೋನು ಚಾರ್ಜಿಗೆ ಹಾಕಿ ವೈಬ್ರೇಟರ್ ಮೇಲಿಡ್ತಿದ್ದೆ. ಆ ಹೆಜ್ಜೆಯೆಲ್ಲ ಮಷೀನಿಂದು!"

ವೆಂಕಟರಮಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಬೆಟ್ಟಾನೂ ವೈಬ್ರೇಟರ್ರೇ ಅತ್ತಿಸ್ತಾ? ಒಂದ್ಸಲ ಅಲ್ಲ, ಇಳ್ದು ಎರಡ್ಸಲ ಅತ್ತಿದ್ರಿ, ನಾನೇ ಕಣ್ಣಾರೆ ನೋಡಿವ್ನಿ! ರುದ್ರೇಶಂಗೆ ಕುರ್ಚಿ ಸಿಗ್ಲಿ ಅಂತ ತಾನೇ ಇಂಗೇಳ್ತಿರೋದು? ಎಂಥಾ ದೊಡ್ ಮನ್ಸು!"

"ಸರ್, ಇದನ್ನೂ ರೆಕಾರ್ಡ್ ಮಾಡ್ಕೊಂಡೆ," ಎಂದಳು ದಿವ್ಯಾ ಕಣ್ಣೊರೆಸಿಕೊಳ್ಳುತ್ತಾ.

ಬಿಸಿಲೇರುವ ಹೊತ್ತಿಗೆ ಪಂಚಾಕ್ಷರಿ ಕುಂಟುತ್ತಾ ಇಡ್ಲಿ ಅಂಗಡಿಗೆ ಬಂದ. ಸುದ್ದಿ ಅವನಿಗಿಂತ ಮೊದಲೇ ಫೋನಿನಲ್ಲಿ ಇಳಿದು ಬಂದಿತ್ತು. ರುದ್ರೇಶ್ ಅವನಿಗೂ ಒಂದು ತಟ್ಟೆ ಇಡ್ಲಿ ಹೇಳಿದ.

"ರುದ್ರೇಶಾ, ನೀನಾದ್ರೂ ನಂಬಪ್ಪಾ. ಆ ಫೋನು—"

"ವೈಬ್ರೇಟರ್ ಮೇಲಿತ್ತು. ಗೊತ್ತಣ್ಣ. ಮೊದಲ್ನೇ ವಾರಾನೇ ನೋಡಿದ್ದೆ."

"ಮತ್ತೆ ಮಾಲೀಕರಿಗೆ ಯಾಕೋ ಹೇಳ್ಲಿಲ್ಲ?"

"ಹೇಳೋದಾ?" ರುದ್ರೇಶ್ ಚಟ್ನಿ ಬಟ್ಟಲನ್ನು ಅವನತ್ತ ಸರಿಸಿದ. "ಆಗಾಗ ನೀವು ಫೋನ್ನ ಮೇಜಿನ ಮೇಲೇ ಮರೀತಿದ್ರಿ. ಎತ್ತಿ ಮಷೀನ್ ಮೇಲೆ ಇಡ್ತಿದ್ದದ್ದು ಯಾರು ಅಂದ್ಕೊಂಡ್ರಿ? ನಮ್ ಮಾಲೀಕರ ಹತ್ರ ಯಾವ ಕೆಲ್ಸಾನೂ ಚೆನ್ನಾಗಿ ಮಾಡಬಾರದು ಅಣ್ಣ. ವಾಚ್‌ಮನ್ನ ಕೇಳಿ."

"ನಿನ್ ಮಂಡಿ ನೋವು?"

"ನಿಮ್ ಚಿಕ್ಕಬಾಣಾವರದ ವಾಕಿಂಗ್ ಎಷ್ಟು ನಿಜಾನೋ ಅಷ್ಟೇ ನಿಜ." ಹಾಗೆಂದು ರುದ್ರೇಶ್ ಚಂಗನೆ ಎದ್ದು, ಕುರ್ಚಿಯ ಧೂಳು ಒರೆಸಿ ಮುಂದೆ ಸರಿಸಿದ. "ಕೂತ್ಕೊಳಿ ಅಣ್ಣ. ಸೋಮವಾರದಿಂದ ನಿಮಗೆ ಪುರುಸೊತ್ತು ಸಿಗಲ್ಲ."

ಪಂಚಾಕ್ಷರಿ ಬೈಯಲೂ ತ್ರಾಣವಿಲ್ಲದೆ, ಎರಡೂ ಕೈಗಳಿಂದ ಕುರ್ಚಿಯ ಹಿಡಿಗಳನ್ನು ಹಿಡಿದು ಮೆಲ್ಲಗೆ ಬಗ್ಗಿದ. ಇನ್ನೇನು ಕೂರಬೇಕು, ವೆಂಕಟರಮಣಪ್ಪನವರ ದನಿ ಕೇಳಿಸಿತು.

"ಪಂಚಾಕ್ಷರೀ! ಡ್ರೈವರ್ರು ನೆರಳಿಗೆ ಅಂತ ಬಸ್ಸನ್ನ ಮೇನ್ ರೋಡ್ನಾಗೆ ನಿಲ್ಸವ್ನಂತೆ, ಫೋನ್ ಎತ್ತಾ ಇಲ್ಲ. ನಮ್ಮೆಲ್ಲರ ಕಾಲೂ ಬಿದ್ದೋಗೈತೆ. ನೀವೇ ಒಂದೆಜ್ಜೆ ನಡ್ಕೊಂಡೋಗಿ ಕರ್ಕೊಂಬನ್ನಿ!"

ಪಂಚಾಕ್ಷರಿ ಕುರ್ಚಿಯ ಹಿಡಿ ಬಿಟ್ಟು, ಸಡಿಲವಾಗಿದ್ದ ಬ್ಯಾನರನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು ಮೇನ್ ರೋಡಿನತ್ತ ನಡೆಯತೊಡಗಿದ.