ಕುದುರೆಯನ್ನು ಮಣ್ಣು ಮಾಡುವ ಬಟನ್

ಜನ ನಕ್ಕು ಹೋಗಲಿ ಅಂತ ನಾನು ಮಸ್ಕಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಟಿವಿ, ವಿಡಿಯೋ ಗೇಮ್ ಇಟ್ಟರೆ, ಅವರು ಮೂಗು ಒರೆಸಿಕೊಂಡು ಹೋಗುತ್ತಾರೆ. ಒಂದೇ ಆಟ, ಒಂದೇ ಗೋಳು. ಸವಾರನೊಬ್ಬ ಬಿಳಿ ಹೆಣ್ಣು ಕುದುರೆ ಏರಿ ಊರೂರು ದಾಟಿ ಗುಡ್ಡದ ಗುಡಿ ಮುಟ್ಟಬೇಕು. ಗುಡಿ ಕಾಣುವಷ್ಟರಲ್ಲಿ ಕುದುರೆ ಕುಸಿದು ಸಾಯುತ್ತದೆ. ಆಮೇಲೆ ಬಟನ್ ಒತ್ತಿದರೆ ಸವಾರ ಅದನ್ನು ಅಲ್ಲೇ ಬಿಟ್ಟು ನಡೆದುಹೋಗುತ್ತಾನೆ. ಅಲ್ಲಿಗೆ ಆಟ ಮುಗಿಯಿತು, ನನ್ನ ತಾಪತ್ರಯ ಶುರುವಾಯಿತು.

ಆಕೆ ಯಾರು?

ಸಿಂಧನೂರು ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಆಟ ಮುಗಿಸಿ, ಟವೆಲಿನಿಂದ ಮುಖ ಮುಚ್ಚಿಕೊಂಡು ಹೊರಟುಹೋದ. ಮರುದಿನ ಬೆಳಿಗ್ಗೆ ಅವನ ಹೆಂಡತಿ ಸೆರಗು ಬಿಗಿದುಕೊಂಡು ಅಂಗಡಿಗೆ ಬಂದಳು.

"ನಮ್ಮ ಮನ್ಯಾಗಿನವ್ರು ಊಟ ಬಿಟ್ಟಾರ. ಯಾಕ ಅಂತ ಕೇಳಿದ್ರ 'ಆಕಿ ಹ್ವಾದ್ಲು' ಅಂತ ಅಳತಾರ. ಯಾವಾಕಿರೀ ಆಕಿ? ಇಲ್ಲೇ ಇರ್ತಿದ್ಲಂತ!"

ನಾನು ಬಾಯಿ ಮಾತಿಗೆ ಹೋಗದೆ ಟಿವಿ ಹಚ್ಚಿ ಕುದುರೆ ತೋರಿಸಿದೆ. ಆಕೆ ಸ್ವಲ್ಪ ಹೊತ್ತು ನೋಡಿದಳು. ಸಿಟ್ಟು ಇಳಿಯಿತು ಅಂದುಕೊಂಡೆ, ಏರಿತ್ತು.

"ನಮ್ಮಪ್ಪ ಹ್ವಾದಾಗ ಇದೇ ಮನಿಷಾ ಎರಡು ಸಲ ಉಂಡಿದ್ದ ನೋಡ್ರಿ!"

ಕೊನೆಯ ಸ್ಟಾಪು

ಲಿಂಗಸುಗೂರಿನ ಬಸ್ ಕಂಡಕ್ಟರ್ ಒಬ್ಬರು ರಜೆ ಇದ್ದಾಗಲೆಲ್ಲ ಬಂದು ಈ ಆಟವನ್ನೇ ಆಡುತ್ತಾರೆ. ಒಮ್ಮೆ ಕೊನೆ ನೋಡಿ ವಾರವೆಲ್ಲ ಮಂಕಾಗಿದ್ದರು. ಅಂದಿನಿಂದ ಗುಡ್ಡದ ಬುಡ ಬಂದ ಕೂಡಲೇ ಕುದುರೆ ತಿರುಗಿಸಿ ಮೊದಲ ಊರಿಗೆ ಬಂದು ಮೇಯಲು ಬಿಡುತ್ತಾರೆ.

"ಹಿಂಗಾದ್ರ ಆಟ ಮುಗಿಯಂಗಿಲ್ರೀ ಸರ್" ಅಂದೆ.

"ಮುಂದ ರೋಡ್ ಸರಿ ಇಲ್ಲಂದ್ರ ನಾವು ಬಸ್ಸ ತಿರುಗಿಸ್ತೀವಿ. ಇದು ಜೀವ ಐತ್ರೀ!" ಅಂದರು.

ಹುರುಳಿಯ ಎಡೆ

ಪಾಮನಕಲ್ಲೂರು ಕಡೆಯ ಕುರಿಗಾರ ಅಜ್ಜ ಒಬ್ಬ ಮೊಬೈಲ್ ಚಾರ್ಜಿಗೆ ಇಟ್ಟು ಕೂತಿದ್ದ. ನಾನು ಸುಮ್ಮನೆ ಆಡುತ್ತಿದ್ದೆ. ಕುದುರೆ ನೋಡಿ ಅಜ್ಜ ಹತ್ತಿರ ಸರಿದ. "ಮುಂದ ಹೋಗಲಿ, ಮುಂದ ಹೋಗಲಿ" ಅಂದ. ಹೋದೆ. ಕುದುರೆ ಬಿತ್ತು. ನಾನು ಬಟನ್ ಒತ್ತುವಷ್ಟರಲ್ಲಿ ಅಜ್ಜ ಕೈ ಹಿಡಿದ.

"ಮಣ್ಣು ಮಾಡದಂಗ ಎಲ್ಲಿಗೆ ಹೊಂಟೀಯೋ?"

"ಆಟದಾಗ ಮಣ್ಣು ಮಾಡೋ ಬಟನ್ ಇಲ್ಲಜ್ಜ."

"ಹೊಡಿಯಾಕ, ಬಡಿಯಾಕ, ಜಿಗಿಯಾಕ ಎಲ್ಲಾಕ್ಕೂ ಅದಾವ. ಮಣ್ಣು ಮಾಡಾಕಿಲ್ಲ? ಎಂಥ ಮಂದಿ ಮಾಡ್ಯಾರೋ ಇದನ್ನ!"

ನಾನು ನಕ್ಕೆ. ಅಜ್ಜ ನಗಲಿಲ್ಲ.

"ನಂದೂ ಬಿಳಿ ಕುದರಿ ಇತ್ತಪ. ಇಡೀ ಸಂಸಾರ ಬೆನ್ನ ಮ್ಯಾಲ ಹೊತ್ತಾಕಿ. ಕಾಲುವಿ ಕಡಿ ಕುರಿ ಹೊಡಕೊಂಡು ಹೊಂಟಾಗ ಹಾದ್ಯಾಗ ಬಿದ್ದು ಸತ್ತಳು. ಕುರಿ ಯಾರದೋ ಗದ್ದ್ಯಾಗ ನುಗ್ಗಾಕತ್ತಿದ್ವು, ಬಿಟ್ಟು ಓಡಿದೆ. ತಿರುಗಿ ಬರೋದ್ರಾಗ ಯಾರೋ ಎಳದು ಒಗದಿದ್ರು. ಒಂದು ಹಿಡಿ ಮಣ್ಣು ಹಾಕಾಕ ಆಗ್ಲಿಲ್ಲ."

ಅಜ್ಜ ಹೊರಗೆ ಹೋಗಿ ಹಿಡಿ ಮಣ್ಣು ತಂದ. "ಟಿವಿ ಮ್ಯಾಲ ಬ್ಯಾಡಜ್ಜ, ಕೆಟ್ಟೋಗ್ತೈತಿ" ಅಂದೆ. ಟಿವಿ ಮುಂದೆ ಹಾಕಿ, ಕೈಮುಗಿದು, "ಈಗ ಒತ್ತು" ಅಂದ. ಒತ್ತಿದೆ.

ನಮ್ಮ ಕಡೆ ಮೂರನೇ ದಿನ ಮಣ್ಣು ಮಾಡಿದಲ್ಲಿಗೆ ಹೋಗಿ, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಾರೆ. ಅದು ನನಗೆ ನೆನಪಾಗಲಿಲ್ಲ, ಅಜ್ಜ ಮರೆತಿರಲಿಲ್ಲ. ಸರಿಯಾಗಿ ಮೂರನೇ ದಿನ ಸ್ಟೀಲ್ ಡಬ್ಬಿಯಲ್ಲಿ ನೆನೆಸಿದ ಹುರುಳಿ, ಬೆಲ್ಲ ತಂದು ಬಾಗಿಲಲ್ಲಿ ನಿಂತ. ಅವತ್ತೇ ಕಂಡಕ್ಟರಿಗೆ ರಜೆ. ಟಿವಿಯಲ್ಲಿ ಬಿಳಿ ಕುದುರೆ ಬಾಲ ಬೀಸುತ್ತ ಹಾಯಾಗಿ ಹುಲ್ಲು ಮೇಯುತ್ತಿತ್ತು.

ಅಜ್ಜ ನೋಡಿದ. ಕಂಡಕ್ಟರ್ ಕಳ್ಳನ ಹಾಗೆ ಆಟದ ರಿಮೋಟ್ ಕೆಳಗಿಟ್ಟರು. ಬೈಗುಳ ಬಿತ್ತು ಅಂತ ನಾನು ಕೌಂಟರಿನ ಹಿಂದೆ ಸರಿದೆ.

ಅಜ್ಜ ಒಳಗೆ ಬಂದು ಕೂತು, ಡಬ್ಬಿಯ ಮುಚ್ಚಳ ತೆಗೆದು ಟಿವಿ ಮುಂದೆ ಸರಿಸಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ತನ್ನ ಮೂರು ದಿನದ ಎಡಿ ತಾನೇ ಉಣ್ಣೋ ನಸೀಬು ಯಾರಿಗೈತಿ? ಉಣ್ಣು, ನನ್ನವ್ವ!"