ಹುರುಳಿ ಮೇಲೆ ಬಿದ್ದವನ ತಮ್ಮ

ನಮ್ಮ ಅಣ್ಣನಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಹೀಗಂತ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಐದೂ ಊರಿನ ಹೋಟೆಲಿನವರು ಹೇಳುತ್ತಾರೆ. ಅವರಿಗೆ ಅದನ್ನು ಕಲಿಸಿಕೊಟ್ಟವನು ನಾನೇ. ನಾನು ಓದಿದ್ದು ಏಳನೇ ತರಗತಿ. ಮೂವತ್ತು ವರ್ಷ ಬಸ್ಸಿನ ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಅಕ್ಷರದ ತಪ್ಪಿದ್ದರೆ ಕ್ಷಮಿಸಿ. ಇನ್ನೊಂದು ತಪ್ಪಿದೆ, ಅದನ್ನು ಕ್ಷಮಿಸಬೇಕೋ ಬೇಡವೋ ಕೊನೆಯಲ್ಲಿ ನೀವೇ ನೋಡಿಕೊಳ್ಳಿ.

ಅಣ್ಣನ ಕೆಲಸ ಹೋಟೆಲುಗಳ ಗ್ರೈಂಡರ್ ಕಲ್ಲು ಕುಟ್ಟುವುದು. ಹಿಟ್ಟು ರುಬ್ಬಿ ರುಬ್ಬಿ ಒಳಗಿನ ಗುಂಡುಕಲ್ಲು ಬೋಳುತಲೆಯ ಹಾಗೆ ನುಣ್ಣಗಾಗುತ್ತದೆ. ಆಮೇಲೆ ಅದು ತಾಸುಗಟ್ಟಲೆ ತಿರುಗಿದರೂ ಉದ್ದಿನಬೇಳೆಗೆ ಕಚಗುಳಿ ಇಟ್ಟಂತೆ ಅಷ್ಟೇ. ಆಗ ಎಡಗೈಯಲ್ಲಿ ಚಾಣ ಎನ್ನುವ ಉಳಿ, ಬಲಗೈಯಲ್ಲಿ ಸುತ್ತಿಗೆ ಹಿಡಿದು, ಸಣ್ಣ ಸಣ್ಣ ಪೆಟ್ಟು ಹಾಕಿ ಕಲ್ಲಿಗೆ ಮತ್ತೆ ತರಿ ಬರಿಸಬೇಕು. ಪೆಟ್ಟು ಹೆಚ್ಚಾದರೆ ಇಡ್ಲಿಯಲ್ಲಿ ಕಲ್ಲು, ಕಡಿಮೆಯಾದರೆ ಇಡ್ಲಿಯೇ ಕಲ್ಲು. ಅಣ್ಣ ಇಡ್ಲಿಯ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಈ ಕಲ್ಲಿಗೆ ಇನ್ನು ಹತ್ತು ದಿನ ಆಯುಷ್ಯ ಐತ್ರಿ" ಎನ್ನುತ್ತಿದ್ದ. ಹನ್ನೊಂದನೇ ದಿನ ಮಾಲೀಕ ಹುಡುಕಿಕೊಂಡು ಬರುತ್ತಿದ್ದ.

ಊರೂರು ತಿರುಗಲು ಅವನು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದ. ಮುಂಚಿನ ಮಾಲೀಕ ಒದ್ದು ಒದ್ದು ಅದರ ಕಿಕ್ಕಿನಲ್ಲಿದ್ದ ಜೀವವನ್ನೆಲ್ಲ ಖಾಲಿ ಮಾಡಿ ಮಾರಿದ್ದ. ಹಾಗಾಗಿ ಅದನ್ನು ಇಳಿಜಾರಿನಲ್ಲಿ ಉರುಳಿಸಿಯೇ ಚಾಲೂ ಮಾಡಬೇಕು. ಉಳಿದವರಿಗೆ ಹರಪನಹಳ್ಳಿ, ಕೂಡ್ಲಿಗಿ ಎಂದರೆ ಊರುಗಳು. ಅಣ್ಣನಿಗೆ ಮಾತ್ರ ಇಳಿಜಾರು ಇರುವ ಬೀದಿ, ಇಲ್ಲದ ಬೀದಿ ಎಂದು ಜಗತ್ತಿನಲ್ಲಿ ಎರಡೇ ಜಾತಿ. ಹಗರಿಬೊಮ್ಮನಹಳ್ಳಿಯ ಒಬ್ಬ ಹೋಟೆಲ್ ಮಾಲೀಕ ಕೆಲಸಕ್ಕೆ ಕರೆದಾಗ ನಾನೂ ಜೊತೆಗಿದ್ದೆ.

"ನಿಮ್ಮ ಹೋಟೆಲ್ ಸಪಾಟ ಜಾಗದಾಗ ಐತ್ರಿ, ನಾ ಒಲ್ಲೆ" ಎಂದ ಅಣ್ಣ.

"ಏನ್ ಮಾಡ್ಲೆಪಾ ಮತ್ತ, ಹೋಟೆಲ್ ಎತ್ತಿ ಗುಡ್ಡದ ಮ್ಯಾಲೆ ಇಡ್ಲೇನು?"

"ಹೋಟೆಲ್ ಅಲ್ಲೇ ಇರ್ಲಿ. ಹೋಗಬೇಕಾದ್ರ ನಾಕು ಮಂದಿ ಗಿರಾಕಿ ಕೊಡ್ರಿ, ನೂಕಾಕ."

ಮಾಲೀಕ ಒಪ್ಪಿದ. ಗಾಡಿ ನೂಕಿದವರಿಗೆ ಒಂದು ಚಾ ಪುಕ್ಕಟೆ ಎಂದೂ ಹೇಳಿಬಿಟ್ಟ. ಅಣ್ಣ ಬರುವ ದಿನ ಯಾವುದು ಎಂದು ಕೆಲವರು ಮುಂಚಿತವಾಗಿ ವಿಚಾರಿಸಿಕೊಂಡು ಹೋಗತೊಡಗಿದರು. ಒಮ್ಮೆ ಗಾಡಿ ಒಂದೇ ನೂಕಿಗೆ ಚಾಲೂ ಆಗಿಬಿಟ್ಟಿದ್ದಕ್ಕೆ ಇಬ್ಬರು ಜಗಳಕ್ಕೇ ಬಂದರು.

ಅವನು ಹೆಣ್ಣು ನೋಡಲು ಹೋದದ್ದು ಹಿರೇಹಡಗಲಿಗೆ. ಬಿಳಿ ಪಂಚೆ, ಬಿಳಿ ಅಂಗಿ, ಹಿಂದೆ ನಾನು. ತಟ್ಟೆಯಲ್ಲಿ ದೋಸೆ ಬಂತು. ಒಂದು ತುತ್ತು ಬಾಯಿಗಿಟ್ಟವನೇ ಅಣ್ಣ ಎದ್ದು ನಿಂತು, "ನಿಮ್ಮ ರುಬ್ಬೋ ಕಲ್ಲು ಒಂಚೂರು ನೋಡ್ಲೇನ್ರಿ?" ಎಂದ. ಹುಡುಗಿಯನ್ನು ಕರೆಯುವ ಮೊದಲೇ ಅಡುಗೆಮನೆಗೆ ನುಗ್ಗಿದ. ಗಾಡಿಯ ಚೀಲದಲ್ಲಿ ಚಾಣ ಹೇಗೂ ಇರುತ್ತಿತ್ತು. ಒಂದು ತಾಸು ಒಳಗಿನಿಂದ ಟಕ್ ಟಕ್ ಸದ್ದು. ಹೊರಗೆ ಹುಡುಗಿಯ ಅಪ್ಪ ನನ್ನ ಮುಖ ನೋಡುವುದು, ನಾನು ಗೋಡೆ ನೋಡುವುದು. ಕೊನೆಗೆ ಅಣ್ಣ ಮೈಯೆಲ್ಲ ಕಲ್ಲಿನ ಪುಡಿ ಮಾಡಿಕೊಂಡು ಹೊರಗೆ ಬಂದ.

"ಹೆಂಗೈತ್ರಿ, ಮನಸ್ಸಿಗೆ ಬಂತಾ?" ಎಂದು ಕೇಳಿದರು ಅವರು.

"ಕಲ್ಲು ಭಾಳ ಚಲೋ ಐತ್ರಿ. ಇನ್ನ ಇಪ್ಪತ್ತು ವರ್ಷ ಏನೂ ಆಗಂಗಿಲ್ಲ."

ಆ ಹುಡುಗಿಯೇ ನಮ್ಮ ಅತ್ತಿಗೆ. "ನನ್ನ ನೋಡಿದ್ದು ತಾಳಿ ಕಟ್ಟಬೇಕಾದ್ರನ" ಎಂದು ಈಗಲೂ ಹೇಳುತ್ತಾಳೆ.

ಇನ್ನು ಅಣ್ಣ ಬಿದ್ದ ಕಥೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಚಾ ಗುಟುಕರಿಸಬೇಕು, ಎಲ್ಲಿ ಅಣ್ಣನ ದನಿ ತೆಗೆಯಬೇಕು, ಎಲ್ಲ ಬಾಯಿಪಾಠ. ಹೇಳುತ್ತಿದ್ದದ್ದು ಹೀಗೆ.

ಹಗರಿಬೊಮ್ಮನಹಳ್ಳಿಯ ಆ ಸಪಾಟ ಹೋಟೆಲಿನ ಗುಂಡುಕಲ್ಲಿಗೆ ದೊಡ್ಡ ರಿಪೇರಿ ಇತ್ತು, ಕೊಟ್ಟೂರಿನ ನಮ್ಮ ಮನೆಗೇ ಒಯ್ಯಬೇಕಿತ್ತು. ಅಣ್ಣ ಗಾಡಿ ಬಿಡುತ್ತಿದ್ದಾನೆ, ಹಿಂದೆ ತಮ್ಮ, ತಮ್ಮನ ತೊಡೆಯ ಮೇಲೆ ಗೋಣಿಚೀಲ ಸುತ್ತಿದ ಕಲ್ಲು. ಕೋಗಳಿ ದಾಟಿದ ಮೇಲೆ ಡಾಂಬರು ರಸ್ತೆಯ ತುಂಬ ಹುರುಳಿ ಹರಡಿದ್ದರು. ನಮ್ಮ ಕಡೆ ಕಣ ಮಾಡುವವರಿಗಿಂತ ರಸ್ತೆಗೆ ಹಾಕುವವರೇ ಹೆಚ್ಚು. ಬಸ್ಸು, ಲಾರಿ ಹತ್ತಿ ಇಳಿದರೆ ಒಕ್ಕಣೆ ತಾನೇ ಆಗುತ್ತದೆ. ಪಕ್ಕದಲ್ಲಿ ಕಸಬರಿಗೆ ಹಿಡಿದ ಅಜ್ಜಿಯೊಬ್ಬಳು, "ನಿಧಾನ ಬಾರೋ ಯಪ್ಪಾ" ಎಂದಳು. ಅಣ್ಣ ದೊಡ್ಡವರ ಮಾತಿಗೆ ಬೆಲೆ ಕೊಡುವವನು. ಬ್ರೇಕ್ ಒತ್ತಿದ. ಹುರುಳಿ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆಯೇ? ಗಾಡಿ ಹೋಯಿತು, ಅಣ್ಣ ಹೋದ, ಕಲ್ಲು ಹೋಗಿ ಅಣ್ಣನ ಕೈ ಮೇಲೇ ಕೂತಿತು. ಜೀವಮಾನವೆಲ್ಲ ಕಲ್ಲಿಗೆ ಪೆಟ್ಟು ಹಾಕಿದ್ದನಲ್ಲ, ಕಲ್ಲು ಒಂದೇ ಪೆಟ್ಟಿನಲ್ಲಿ ತೀರಿಸಿಕೊಂಡಿತು!

ಇಲ್ಲಿಗೆ ಬಂದಾಗ ಜನ ಮೇಜು ಬಡಿದು ನಗುತ್ತಿದ್ದರು. ನೀವೂ ನಕ್ಕಿದ್ದರೆ ತಪ್ಪು ನಿಮ್ಮದಲ್ಲ.

ಇದರಲ್ಲಿ ಸುಳ್ಳು ಒಂದೇ. ಗಾಡಿ ಬಿಡುತ್ತಿದ್ದವನು ನಾನು. ಹಿಂದೆ ಕಲ್ಲು ಹಿಡಿದು ಕೂತಿದ್ದವನು ಅಣ್ಣ.

ನಾನಾಗ ಲಾರಿ ಓಡಿಸುತ್ತಿದ್ದೆ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಮುಂದಿನ ವಾರ ಪರೀಕ್ಷೆಗೆ ಬಾ ಎಂದು ಕಾಗದ ಬಂದಿತ್ತು. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಜಗತ್ತಿನ ಎಲ್ಲ ಗಾಡಿಯೂ ನನ್ನ ಮಾತು ಕೇಳುತ್ತದೆ ಎಂಬ ಸೊಕ್ಕು. ಮೋಟಾರ್ ಸೈಕಲ್ ಕಲಿತು ಇಪ್ಪತ್ತು ದಿನವೂ ಆಗಿರಲಿಲ್ಲ. "ನಾ ಬಿಡ್ತೀನಿ ಅಣ್ಣಾ" ಎಂದು ಹಟ ಹಿಡಿದೆ. ಅಣ್ಣ ಹಿಂದೆ ಕೂತು, ಕಲ್ಲನ್ನು ಕೂಸಿನಂತೆ ತಬ್ಬಿಕೊಂಡು, ಒಂದೇ ಮಾತು ಹೇಳಿದ: "ಹುರುಳಿ ಹಾಕಿರ್ತಾರ. ಬ್ರೇಕ್ ಮುಟ್ಟಬ್ಯಾಡ. ಕಾಲು ಅಗಲ ಮಾಡು, ಗಾಡಿ ತಾನ ದಾಟ್ತೈತಿ."

ನಾನು ಲಾರಿಯವನು. ಎದುರಿಗೆ ಅಜ್ಜಿ ಕಂಡಳು, ಕಾಲು ತಾನೇ ಒತ್ತಿತು. ನಾನು ಬದಿಯ ಹೊಟ್ಟಿನ ಗುಡ್ಡೆಯ ಮೇಲೆ ಹೋಗಿ ಬಿದ್ದೆ, ಒಂದು ಗೀರೂ ಇಲ್ಲ. ಅಣ್ಣ ಕಲ್ಲು ಬಿಟ್ಟಿದ್ದರೆ ಅವನಿಗೂ ಏನೂ ಆಗುತ್ತಿರಲಿಲ್ಲ. ಬಿಡಲಿಲ್ಲ. ಡಾಂಬರಿನ ಮೇಲೆ ಅವನ ಬಲಗೈ, ಕೈಯ ಮೇಲೆ ಕಲ್ಲು. ನಾನು ಓಡಿ ಹೋದಾಗ ಅವನು ಕೇಳಿದ್ದು, "ಕಲ್ಲು ಒಡದೈತೇನು ನೋಡಲೇ."

ಕಲ್ಲು ಒಡೆದಿರಲಿಲ್ಲ.

ಜನ ಸೇರಿದರು. ಅಜ್ಜಿ ಕಣ್ಣೀರು ಹಾಕುತ್ತ ಹುರುಳಿ ಗುಡಿಸುತ್ತಿದ್ದಳು. ಅಷ್ಟು ಗಾಬರಿಯಲ್ಲಿ ಅವಳಿಗೆ ಕಾಳು ಕಂಡಿತ್ತೇ ಹೊರತು ಮುಖ ಕಂಡಿರಲಿಲ್ಲ. ಯಾರೋ ಕೇಳಿದರು, "ಗಾಡಿ ಯಾರು ಬಿಡಾಕತ್ತಿದ್ರು?" ಅಣ್ಣ ನನ್ನ ಅಂಗಿಯ ಜೇಬು ನೋಡಿದ. "ನಾನ" ಎಂದ.

ನನಗೆ ಬಾಯಿ ತೆರೆಯಲು ಹೊತ್ತು ಸಿಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಟೆಂಪೊ ಬರುವವರೆಗೆ ಹೊತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಹೊತ್ತಿತ್ತು. ಅವನ ಮೂರು ಬೆರಳು ತೆಗೆದರು, ಆಮೇಲೂ ಹೊತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಹೊತ್ತಿತ್ತು.

ನನಗೆ ಕೆಲಸ ಸಿಕ್ಕಿತು. ಎರಡೇ ಬೆರಳಿನ ಕೈಯಲ್ಲಿ ಸುತ್ತಿಗೆ ನಿಲ್ಲುವುದಿಲ್ಲ. ಅಣ್ಣ ಎಡಗೈಯಲ್ಲಿ ಪ್ರಯತ್ನಿಸಿದ, ಒಂದು ತಿಂಗಳು ಕೊಟ್ಟೂರಿನ ಇಡ್ಲಿಯೆಲ್ಲ ಕರುಂ ಕುರುಂ ಎನ್ನುತ್ತಿತ್ತು. ಆಮೇಲೆ ಬಿಟ್ಟ. ಗಾಡಿ ಗುಜರಿಗೆ ಹೋಯಿತು. ತನ್ನ ಕಲ್ಲು ಉಳಿಸಿಕೊಟ್ಟನಲ್ಲ ಎಂಬ ಕೃತಜ್ಞತೆಗೆ ಹಗರಿಬೊಮ್ಮನಹಳ್ಳಿಯ ಮಾಲೀಕ ಅವನನ್ನು ಹೋಟೆಲಿನಲ್ಲೇ ಸಪ್ಲೈಯರ್ ಮಾಡಿಕೊಂಡ. ಅಣ್ಣ ಸಂಸಾರ ಕಟ್ಟಿಕೊಂಡು ಅಲ್ಲಿಗೇ ಹೋದ.

ನನ್ನ ಬಸ್ಸು ಅದೇ ಹೋಟೆಲಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಿತ್ತು. ಬಸ್ಸು ನಿಲ್ಲಿಸಿ ಗಿರಾಕಿ ಇಳಿಸುವ ಡ್ರೈವರ್‌ಗೂ ಕಂಡಕ್ಟರ್‌ಗೂ ಚಾ, ತಿಂಡಿ ಪುಕ್ಕಟೆ, ಅದು ಎಲ್ಲ ಕಡೆಯ ಪದ್ಧತಿ. ತಂದುಕೊಡುತ್ತಿದ್ದವನು ಅಣ್ಣ. ಉಳಿದ ಎರಡು ಬೆರಳಿನ ನಡುವೆ ಲೋಟ ಸಿಕ್ಕಿಸಿಕೊಂಡು, ಒಂದು ಹನಿ ಚೆಲ್ಲದೆ. ಹೊಸ ಗಿರಾಕಿಗಳು ಕೈ ನೋಡಿ "ಏನಾತ್ರಿ?" ಎಂದರೆ, "ನಮ್ಮ ಡ್ರೈವರ್ ಸಾಹೇಬ್ರನ್ನ ಕೇಳ್ರಿ, ಅವರು ಚಲೋ ಹೇಳ್ತಾರ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದ. ನಾನು ಹೇಳುತ್ತಿದ್ದೆ. ಹೇಳಿದೆ ಎಂದರೆ ಏನು, ಅಭಿನಯ ಮಾಡಿ ಹೇಳುತ್ತಿದ್ದೆ. ಪೂರಿ ತಟ್ಟೆ ಹಿಡಿದು ಅಡ್ಡಾಡುತ್ತಲೇ ಅಣ್ಣ, "ಅಜ್ಜಿ ಅಂದದ್ದು ಬಿಟ್ಟಿ ನೋಡು" ಎಂದು ನೆನಪಿಸುತ್ತಿದ್ದ.

ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿದ್ದಕ್ಕೆ ನನಗೆ ಬೆಳ್ಳಿ ಪದಕ ಬಂತು. ಅಣ್ಣ ಅದನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಹಲ್ಲಿನಲ್ಲಿ ಕಚ್ಚಿ, "ಖರೇ ಬೆಳ್ಳಿನಲೇ" ಎಂದು ಪ್ರತಿ ಮೇಜಿಗೂ ಒಯ್ದು ತೋರಿಸಿದ. "ಒಂದ ಒಂದು ಆಕ್ಸಿಡೆಂಟ್ ಮಾಡಿಲ್ರಿ ನಮ್ಮ ತಮ್ಮ." ಅವನ ಮುಖದಲ್ಲಿ ಕೊಂಕು ಹುಡುಕಿದೆ. ಒಂದಿಷ್ಟಾದರೂ ಸಿಕ್ಕಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತೇನೋ. ಅತ್ತಿಗೆ ಪದಕ ನೋಡಿ ನಿಟ್ಟುಸಿರಿಟ್ಟಳು: "ಅವತ್ತು ನೀನಾದ್ರೂ ಗಾಡಿ ಬಿಟ್ಟಿದ್ರ ಇವರ ಕೈ ಉಳೀತಿತ್ತು ತಮ್ಮಾ." ನಾನು ಅವಳು ಬಡಿಸಿದ ಪಾಯಸ ಎರಡನೇ ಸಲ ಹಾಕಿಸಿಕೊಂಡೆ.

ಹೋದ ವರ್ಷ ನಿವೃತ್ತನಾದೆ. ಬಸ್ಸು ಇದ್ದಾಗ ಹತ್ತೇ ನಿಮಿಷ, ಹಾರ್ನ್ ಹೊಡೆದು ತಪ್ಪಿಸಿಕೊಳ್ಳಬಹುದಿತ್ತು. ಈಗ ಎಲ್ಲಿಗೆ ಓಡಲಿ? ಹೋದ ವಾರ ಸ್ಕೂಟರ್ ತೆಗೆದುಕೊಂಡು ಹೋಟೆಲಿಗೆ ಹೋದೆ. ಹಳೆಯ ಮಾಲೀಕನ ಮಗ ಗಲ್ಲಾಪೆಟ್ಟಿಗೆಯ ಮುಂದಿದ್ದ, ಅಣ್ಣ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ, ಈಗ ಅವನಿಗೆ ಕೆಲಸವಿಲ್ಲ, ಕುರ್ಚಿ ಮಾತ್ರ ಇದೆ. ನಾಲ್ಕಾರು ಹಳಬರೂ ಇದ್ದರು. ಯಾರೋ "ಆ ಹುರುಳಿ ಕಥಿ ಹೇಳ್ರಿ" ಎಂದರು. ನಾನು ಎದ್ದು ನಿಂತೆ.

"ಅವತ್ತು ಗಾಡಿ ಬಿಟ್ಟಾವ ನಾನು. ಅಣ್ಣ ಹಿಂದ ಕುಂತಿದ್ದ. ಅವ ಬ್ಯಾಡಂದ್ರೂ ನಾನ ಬ್ರೇಕ್ ಹಾಕಿದೆ."

ಮಾಲೀಕನ ಮಗ ನಗಲು ಶುರು ಮಾಡಿದ. "ಸಾಹೇಬ್ರು ರಿಟೈರ್ ಆದ್ಮ್ಯಾಲೆ ಕಥಿ ತಿರುವಿ ಹಾಕ್ಯಾರ ನೋಡ್ರಿ."

"ಖರೇ ಹೇಳಾಕತ್ತೀನಪಾ."

"ಖರೇನ ಬಿಡ್ರಿ. ಮೊದಲು ಆ ಮೆಡಲ್ ವಾಪಸ್ ಕೊಟ್ಟು ಬರ್ರಿ."

ಎಲ್ಲರೂ ನಕ್ಕರು, ಯಾವತ್ತಿಗಿಂತ ಜೋರಾಗಿ. ಅಣ್ಣ ಕುರ್ಚಿಯಿಂದಲೇ, "ಇವಗ ಆಗ ಗೇರ್ ಯಾವ ಕಾಲಾಗ ಐತಿ ಅನ್ನೋದ ಗೊತ್ತಿರ್ಲಿಲ್ರಿ" ಎಂದ. ಮತ್ತೆ ನಗು. ಮೂವತ್ತು ವರ್ಷ ನಾನೇ ಕುಟ್ಟಿ ಕುಟ್ಟಿ ಗಟ್ಟಿ ಮಾಡಿದ ಸುಳ್ಳು, ಒಂದು ಮಾತಿಗೆ ಒಡೆಯುತ್ತದೆಯೇ?

ನಾನು ಹೊರಗೆ ಬಂದೆ. ಹಿಂದೆಯೇ ಅಣ್ಣ ಬಂದ. ಈಗ ನಾವಿಬ್ಬರೇ, ಅವನ ಮುಖದಲ್ಲಿ ನಗು ಇರಲಿಲ್ಲ.

"ಏನಲೇ ಅದು?"

"ತಡ್ಕೊಳ್ಳಾಕ ಆಗಲಿಲ್ಲ ಅಣ್ಣಾ."

"ಕೈ ಹೋತು. ಗಾಡಿ ಹೋತು. ಕಲ್ಲು ಕುಟ್ಟಾದೂ ಹೋತು. ಈ ಐದು ಊರಾಗ ನನ್ನ ಹೆಸರಿಗೆ ಉಳದದ್ದು ಆ ಕಥಿ ಒಂದ. ಅದನ್ನೂ ನೀನ ಇಟ್ಕೊಂತೀಯೇನು?"

"ಊಟಕ್ಕ ಮನಿಗೆ ಬಾ" ಎಂದೆ, ಅಷ್ಟೇ. ಅವನು ಕೊಟ್ಟೂರಿಗೆ ಬಂದರೆ ಬಸ್ಸಿನಲ್ಲೇ ಬರುವವನು. ಕೈ ಹೋದ ದಿನದಿಂದ ಯಾರ ಗಾಡಿಯ ಹಿಂದೆಯೂ ಕೂತವನಲ್ಲ. ಬಿದ್ದ ನಾಚಿಕೆ ಎಂದು ಜನ ಹೇಳುತ್ತಿದ್ದರು, ನಾನೂ ಹೌದೆನ್ನುತ್ತಿದ್ದೆ. ಅಣ್ಣ ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿದ, ಸ್ಕೂಟರ್ ಕಡೆ ಒಮ್ಮೆ ನೋಡಿದ. ಪಂಚೆ ಮೇಲೆ ಕಟ್ಟಿ, ನನ್ನ ಹೆಗಲು ಹಿಡಿದು ಹಿಂದೆ ಹತ್ತಿದ.

ಕೋಗಳಿ ದಾಟಿದೆವು. ಆ ಜಾಗ ಬಂತು. ಸುಗ್ಗಿಯ ಕಾಲ, ರಸ್ತೆಯ ತುಂಬ ಹುರುಳಿ. ನನ್ನ ಬೆರಳು ಬ್ರೇಕಿನ ಮೇಲೆ ಹೋದವು. ಕನ್ನಡಿಯಲ್ಲಿ ನೋಡಿದೆ. ಅಣ್ಣನ ತೊಡೆಯ ಮೇಲೆ ಏನೂ ಇರಲಿಲ್ಲ, ಆದರೂ ಎಡಗೈ ಹೊಟ್ಟೆಯ ಮುಂದೆ ಏನನ್ನೋ ತಬ್ಬಿಕೊಂಡಂತೆ ಇತ್ತು. ಎರಡು ಬೆರಳಿನ ಕೈ ನನ್ನ ಹೆಗಲ ಮೇಲಿತ್ತು.

"ಮುಟ್ಟಬ್ಯಾಡ" ಎಂದ. "ಕಾಲು ಅಗಲ ಮಾಡು."

ಅರವತ್ತು ದಾಟಿದ ನಾನು ಎರಡೂ ಕಾಲು ಅಗಲ ಮಾಡಿದೆ. ಕಾಳುಗಳು ಚಟಚಟ ಎಂದವು. ಗಾಡಿ ತಾನೇ ದಾಟಿತು.